ಹೊಟ್ಟೆಯಲ್ಲಿ ತುಂಬುವ ನೀರು ಎಲ್ಲಿಂದ ಬರುತ್ತದೆ?

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳಿಸಿದ್ದಾಳೆ. ಅವಳ ಅಜ್ಜಿಗೆ ಅಂಡಾಶಯದ ಕ್ಯಾನ್ಸರ್. ಹೊಟ್ಟೆ ಬಿಗಿದು ಊದಿಕೊಂಡಿದೆ. "ಹೊಟ್ಟೆಯಲ್ಲಿ ನೀರು ತುಂಬಿದೆ" ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಅಂದಿನಿಂದ ಮನೆಯವರು ಅಜ್ಜಿಗೆ ದಿನಕ್ಕೆ ಎರಡೇ ಲೋಟ ನೀರು ಕೊಡುತ್ತಿದ್ದಾರೆ. "ರಾತ್ರಿ ಬಾಯಾರಿ ನನ್ನನ್ನು ಎಬ್ಬಿಸಿ ನೀರು ಕೇಳುತ್ತಾರೆ. ಕೊಟ್ಟರೆ ಹೊಟ್ಟೆ ಇನ್ನೂ ಊದುತ್ತದೆ ಎಂದು ಅಪ್ಪ ಬೈಯುತ್ತಾರೆ. ಕುಡಿದ ನೀರೇ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ ಸಾರ್?" ಎಂದು ಕೇಳಿದ್ದಾಳೆ.

ಉತ್ತರವನ್ನು ಮೊದಲು ಹೇಳಿ, ಕಾರಣವನ್ನು ಆಮೇಲೆ ವಿವರಿಸುತ್ತೇನೆ. ಇಲ್ಲ ಮಗಳೇ, ಕುಡಿದ ನೀರು ಅಲ್ಲಿ ಹೋಗಿ ನಿಲ್ಲುವುದಿಲ್ಲ. ಅಲ್ಲಿ ನಿಂತಿರುವುದು ರಕ್ತನಾಳಗಳಿಂದ ಸೋರಿದ ದ್ರವ. ವೈದ್ಯರು ರಕ್ತ ಪರೀಕ್ಷೆ ಮಾಡಿ, ನಿರ್ದಿಷ್ಟ ಕಾರಣ ಹೇಳಿ, ನೀರಿಗೆ ಮಿತಿ ಹಾಕಿದ್ದರೆ ಅದನ್ನು ಪಾಲಿಸಲೇಬೇಕು. ಹಾಗೆ ಹೇಳಿಲ್ಲವಾದರೆ ಬಾಯಾರಿದವರಿಗೆ ನೀರು ಕೊಡದಿರುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ನಾಳೆಯೇ ಅಪ್ಪನ ಜೊತೆ ಹೋಗಿ ವೈದ್ಯರನ್ನು ಈ ಒಂದು ಪ್ರಶ್ನೆ ಕೇಳಿ: "ನೀರು ಎಷ್ಟು ಕೊಡಬಹುದು?"

ನಾನು ವೈದ್ಯನಲ್ಲ, ವಿಜ್ಞಾನದ ಮೇಷ್ಟ್ರು. ಔಷಧಿ ಬರೆದುಕೊಡುವ ಕೆಲಸ ನನ್ನದಲ್ಲ. ಆದರೆ ಈ ಕಾಯಿಲೆಯ ಹಿಂದಿರುವ ಭೌತಶಾಸ್ತ್ರ ಮತ್ತು ಜೀವಶಾಸ್ತ್ರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಅದನ್ನು ಒಂದು ಕಡೆ ಜೋಡಿಸಿ ನೋಡೋಣ.

ಎರಡು ಪದರಗಳ ನಡುವೆ

ಈ ತೊಂದರೆಗೆ ನಮ್ಮಲ್ಲಿ ಹಳೆಯ ಹೆಸರೇ ಇದೆ: ಜಲೋದರ. ಇಂಗ್ಲಿಷ್ ವೈದ್ಯರು ಇದನ್ನು ಅಸೈಟಿಸ್ ಎನ್ನುತ್ತಾರೆ. ಚರ್ಮದ ಚೀಲ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಮಾತು ಅದು.

ಹೊಟ್ಟೆ ಎಂದು ನಾವು ಸಡಿಲವಾಗಿ ಹೇಳುವುದು ಎರಡು ಬೇರೆ ಜಾಗಗಳನ್ನು. ಉಂಡದ್ದು, ಕುಡಿದದ್ದು ಹೋಗುವುದು ಜಠರಕ್ಕೆ, ಅಲ್ಲಿಂದ ಕರುಳಿಗೆ. ಅದು ಬಾಯಿಯಿಂದ ಗುದದ್ವಾರದವರೆಗೆ ಇರುವ ಒಂದೇ ಉದ್ದನೆಯ ಕೊಳವೆ. ಆ ಕೊಳವೆ ಸುರುಳಿ ಸುತ್ತಿಕೊಂಡು ಕುಳಿತಿರುವ ಕೋಣೆಯೇ ಉದರ. ಈ ಕೋಣೆಯ ಗೋಡೆಗೂ ಒಳಗಿನ ಅಂಗಗಳಿಗೂ ಪೆರಿಟೋನಿಯಂ ಎಂಬ ತೆಳುವಾದ, ನುಣುಪಾದ ಪೊರೆಯ ಹೊದಿಕೆಯಿದೆ. ಅದನ್ನು ಬಿಡಿಸಿ ಹರಡಿದರೆ ಅದರ ವಿಸ್ತೀರ್ಣ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟೇ ಆಗುತ್ತದೆ. ಪೊರೆಯ ಎರಡು ಪದರಗಳ ನಡುವೆ ಆರೋಗ್ಯವಂತರಲ್ಲೂ ಸ್ವಲ್ಪ ದ್ರವ ಇರುತ್ತದೆ. ಅದು ಸಾಮಾನ್ಯವಾಗಿ 50 ಮಿಲಿಲೀಟರಿಗಿಂತ ಕಡಿಮೆ. ಗಾಡಿಯ ಗಾಲಿಗೆ ಕೀಲೆಣ್ಣೆ ಇದ್ದ ಹಾಗೆ, ಕರುಳುಗಳು ಒಂದರ ಮೇಲೊಂದು ಉಜ್ಜದೆ ಜಾರುವುದಕ್ಕೆ ಅದು ಬೇಕು.

ಈ ದ್ರವ ಒಂದೇ ಸಮನೆ ಉತ್ಪತ್ತಿಯಾಗುತ್ತದೆ, ಒಂದೇ ಸಮನೆ ಬರಿದಾಗುತ್ತದೆ. ಗದ್ದೆಗೆ ಒಂದು ಕಡೆಯಿಂದ ಕಾಲುವೆಯ ನೀರು ಬರುತ್ತಿದೆ, ಇನ್ನೊಂದು ಕಡೆ ತೂಬಿನಿಂದ ಹೊರಗೆ ಹೋಗುತ್ತಿದೆ ಎಂದುಕೊಳ್ಳಿ. ಎರಡೂ ಸಮವಾಗಿರುವವರೆಗೆ ಗದ್ದೆಯಲ್ಲಿ ನೀರಿನ ಮಟ್ಟ ಏರುವುದಿಲ್ಲ. ಬರುವುದು ಹೆಚ್ಚಾದರೆ, ಇಲ್ಲವೇ ತೂಬು ಕಟ್ಟಿಕೊಂಡರೆ, ಗದ್ದೆ ಕೆರೆಯಾಗುತ್ತದೆ. ಕ್ಯಾನ್ಸರಿನಲ್ಲಿ ಎಷ್ಟೋ ವೇಳೆ ಎರಡೂ ಒಟ್ಟಿಗೆ ಆಗುತ್ತವೆ.

ತಳ್ಳುವ ಬಲ, ಹಿಡಿಯುವ ಬಲ

ಲಂಡನ್ನಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. 1905ರಲ್ಲಿ "ಹಾರ್ಮೋನ್" ಎಂಬ ಪದವನ್ನು ಬಳಕೆಗೆ ತಂದವರೂ ಇವರೇ. ಕೂದಲೆಳೆಯಂಥ ಲೋಮನಾಳಗಳಲ್ಲಿ ಎರಡು ಬಲಗಳು ಎದುರುಬದುರಾಗಿ ಕೆಲಸ ಮಾಡುತ್ತವೆ. ರಕ್ತದ ಒತ್ತಡ ನೀರನ್ನು ನಾಳದಿಂದ ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿರುವ ಪ್ರೋಟೀನು, ಮುಖ್ಯವಾಗಿ ಆಲ್ಬುಮಿನ್, ನೀರನ್ನು ಒಳಕ್ಕೆ ಹಿಡಿದಿಡುತ್ತದೆ.

ಹಿಡಿದಿಡುವುದು ಹೇಗೆ? ಅಮ್ಮ ಉಪ್ಪಿನಕಾಯಿಗೆ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಡುವುದನ್ನು ನೋಡಿದ್ದೀರಲ್ಲ. ಮಾರನೆಯ ದಿನ ಜಾಡಿಯ ತುಂಬ ನೀರು ಒಡೆದಿರುತ್ತದೆ. ಹೋಳಿನೊಳಗಿನ ನೀರು, ಉಪ್ಪು ಹೆಚ್ಚಿರುವ ಕಡೆಗೆ ಹರಿದು ಬಂದಿರುತ್ತದೆ. ಇದೇ ಅಭಿಸರಣೆ. ಜಾಡಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ರಕ್ತನಾಳದೊಳಗೆ ಆಲ್ಬುಮಿನ್ ಮಾಡುತ್ತದೆ. ಅದರ ಅಣು ದೊಡ್ಡದು. ನಾಳದ ಗೋಡೆಯನ್ನು ಸುಲಭವಾಗಿ ದಾಟಲಾರದು. ಆದ್ದರಿಂದ ಒಳಗೇ ಉಳಿದು ನೀರನ್ನು ತನ್ನತ್ತ ಎಳೆಯುತ್ತದೆ. ಆರೋಗ್ಯವಂತರ ರಕ್ತರಸದ ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 3.5ರಿಂದ 5 ಗ್ರಾಂ ಆಲ್ಬುಮಿನ್ ಇರುತ್ತದೆ.

ಇಷ್ಟಾದರೂ ಸ್ವಲ್ಪ ದ್ರವ ಸೋರಿಯೇ ಸೋರುತ್ತದೆ. ಅದನ್ನು ಹೀರಿ ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಕೆಳಮೈಯಲ್ಲಿ ಇದಕ್ಕೆಂದೇ ಸೂಕ್ಷ್ಮ ರಂಧ್ರಗಳಿವೆ. ನಾವು ಉಸಿರಾಡುವಾಗ ವಪೆ ಮೇಲೆ ಕೆಳಗೆ ಆಡುತ್ತದಲ್ಲ, ಆ ಆಟವೇ ಪಂಪಿನಂತೆ ದ್ರವವನ್ನು ಹೀರುತ್ತದೆ. ನಮ್ಮ ಗದ್ದೆಯ ತೂಬು ಇದು.

ಕ್ಯಾನ್ಸರ್ ಮಾಡುವ ಕಿತಾಪತಿ

ಅಂಡಾಶಯ, ಜಠರ, ದೊಡ್ಡ ಕರುಳು, ಮೇದೋಜೀರಕ ಗ್ರಂಥಿ, ಸ್ತನ, ಯಕೃತ್ತು ಇವುಗಳ ಕ್ಯಾನ್ಸರುಗಳಲ್ಲಿ ಜಲೋದರ ಕಾಣಿಸಿಕೊಳ್ಳುವುದುಂಟು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳು.

ಮೊದಲನೆಯದು, ತೂಬು ಕಟ್ಟುವುದು. ಗಡ್ಡೆಯಿಂದ ಕಳಚಿದ ಕೋಶಗಳು ಉದರದ ದ್ರವದಲ್ಲಿ ತೇಲಿ, ವಪೆಯ ಬಳಿಯ ರಂಧ್ರಗಳಲ್ಲಿಯೂ ದುಗ್ಧನಾಳಗಳಲ್ಲಿಯೂ ಸಿಕ್ಕಿಕೊಳ್ಳುತ್ತವೆ.

ಎರಡನೆಯದು, ನಾಳಗಳು ಜರಡಿಯಾಗುವುದು. 1983ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತು ಸಂಗಡಿಗರು ಒಂದು ಕುತೂಹಲದ ವಿಷಯ ಪ್ರಕಟಿಸಿದರು. ಗಿನಿಯಿಲಿಗಳ ಕ್ಯಾನ್ಸರ್ ಕೋಶಗಳು ಒಂದು ಪ್ರೋಟೀನನ್ನು ಸ್ರವಿಸುತ್ತವೆ, ಅದು ಸುತ್ತಲಿನ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸಿ ದ್ರವ ಸೋರುವಂತೆ ಮಾಡುತ್ತದೆ ಎಂದು ಅವರು ತೋರಿಸಿದರು. ಉದರದಲ್ಲಿ ನೀರು ತುಂಬುವುದಕ್ಕೆ ಇದೇ ಕಾರಣವಿರಬೇಕೆಂದು ಹುಡುಕುತ್ತಲೇ ಅವರಿಗೆ ಅದು ಸಿಕ್ಕಿದ್ದು. 1989ರಲ್ಲಿ ಕ್ಯಾಲಿಫೋರ್ನಿಯಾದ ನೆಪೋಲಿಯೋನ್ ಫೆರಾರಾ ಮತ್ತಿತರರು ಹೊಸ ರಕ್ತನಾಳಗಳನ್ನು ಬೆಳೆಸುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ನೋಡಿದರೆ ಎರಡೂ ಒಂದೇ! ಇಂದು ಅದನ್ನು ವಿಇಜಿಎಫ್ ಎನ್ನುತ್ತಾರೆ. ಕ್ಯಾನ್ಸರ್ ಗಡ್ಡೆ ತನ್ನ ಆಹಾರಕ್ಕೆಂದು ರಕ್ತನಾಳಗಳನ್ನು ಬೆಳೆಸಿಕೊಳ್ಳುವುದು, ಹೊಟ್ಟೆಯಲ್ಲಿ ನೀರು ತುಂಬಿಸುವುದು, ಎರಡೂ ಇದೇ ಪ್ರೋಟೀನಿನ ಕೈವಾಡ. ಗೋಡೆ ಸಡಿಲವಾದಾಗ ನೀರಿನ ಜೊತೆ ಆಲ್ಬುಮಿನ್ನೂ ಹೊರಬೀಳುತ್ತದೆ. ಅಲ್ಲಿಗೆ ನೀರನ್ನು ಎಳೆಯುವ ಬಲ ಪಕ್ಷ ಬದಲಾಯಿಸಿದಂತಾಯಿತು.

ಮೂರನೆಯದು, ಒತ್ತಡ. ಯಕೃತ್ತಿನ ತುಂಬ ಗಡ್ಡೆಗಳು ಹರಡಿದರೆ ಕರುಳಿನಿಂದ ಅಲ್ಲಿಗೆ ಬರುವ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಹಿಂದೆ ಒತ್ತಡ ಏರಿ ದ್ರವ ಹೊರಕ್ಕೆ ಒಸರುತ್ತದೆ. ಆಲ್ಬುಮಿನ್ ತಯಾರಾಗುವುದೂ ಯಕೃತ್ತಿನಲ್ಲೇ ಆದ್ದರಿಂದ ಎರಡು ಕಡೆಯಿಂದಲೂ ನಷ್ಟ.

ಈ ಮೂರರಲ್ಲಿ ಎಲ್ಲಿಯೂ ಕುಡಿದ ನೀರಿನ ಪಾತ್ರ ಬರಲಿಲ್ಲ ಎಂಬುದನ್ನು ಗಮನಿಸಿ. ಕುಡಿದ ನೀರು ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ನೀರು ಕೊಡದಿದ್ದರೆ ಸೋರಿಕೆ ನಿಲ್ಲುವುದಿಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ಮೊದಲೇ ದಣಿದ ಮೂತ್ರಪಿಂಡ ಇನ್ನಷ್ಟು ದಣಿಯುತ್ತದೆ.

ಹಲಸಿನ ಹಣ್ಣಿನ ಪರೀಕ್ಷೆ

ಒಳಗೆ ನೀರಿದೆ ಎಂದು ವೈದ್ಯರಿಗೆ ಗೊತ್ತಾಗುವುದು ಹೇಗೆ? ಸಂತೆಯಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡಿ ಕೊಳ್ಳುವುದಿಲ್ಲವೇ? ಅದೇ ರೀತಿ. ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗರ್ 1761ರಲ್ಲಿ ಈ ವಿಧಾನದ ಮೇಲೆ ಪುಸ್ತಕ ಬರೆದರು. ಅವರ ತಂದೆ ವಸತಿಗೃಹ ನಡೆಸುತ್ತಿದ್ದವರು. ಪೀಪಾಯಿಗಳನ್ನು ತಟ್ಟಿ ಎಷ್ಟು ದ್ರಾಕ್ಷಾರಸ ಉಳಿದಿದೆ ಎಂದು ತಿಳಿಯುವುದನ್ನು ಮಗ ಅಲ್ಲಿ ನೋಡಿದ್ದನೆಂಬ ಕಥೆಯಿದೆ.

ಗಾಳಿ ತುಂಬಿದ ಕರುಳಿನ ಮೇಲೆ ಬೆರಳಿಟ್ಟು ತಟ್ಟಿದರೆ ಡೋಲಿನ ಸದ್ದು. ನೀರಿನ ಮೇಲೆ ತಟ್ಟಿದರೆ ಮಂದ ಸದ್ದು. ಅಂಗಾತ ಮಲಗಿದಾಗ ನೀರು ಪಕ್ಕೆಗಳಿಗೆ ಇಳಿಯುತ್ತದೆ, ಕರುಳು ನಡುವೆ ತೇಲುತ್ತದೆ. ರೋಗಿ ಮಗ್ಗುಲಾದರೆ ನೀರು ಕೆಳಗಿನ ಪಕ್ಕಕ್ಕೆ ಹರಿಯುತ್ತದೆ, ಮಂದ ಸದ್ದೂ ಅದರೊಂದಿಗೆ ಜಾಗ ಬದಲಾಯಿಸುತ್ತದೆ. ಆದರೆ ಈ ಪರೀಕ್ಷೆಗೆ ಸಿಗಬೇಕಾದರೆ ಸುಮಾರು ಒಂದೂವರೆ ಲೀಟರಾದರೂ ಸೇರಿರಬೇಕು. ಅಲ್ಟ್ರಾಸೌಂಡ್ ಯಂತ್ರ 100 ಮಿಲಿಲೀಟರನ್ನೂ ಪತ್ತೆ ಹಚ್ಚಬಲ್ಲದು.

ಮುಂದಿನ ಹೆಜ್ಜೆ, ಸೂಜಿಯಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸುವುದು. ಇದನ್ನು ತಪ್ಪಿಸಲೇಬಾರದು. ಜಲೋದರ ಎಂದ ಕೂಡಲೇ ಕ್ಯಾನ್ಸರ್ ಎಂದಲ್ಲ. ಯಕೃತ್ತು ಕೆಟ್ಟು ಬರುವುದೇ ಹೆಚ್ಚು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯದಿಂದಲೂ ಬರುತ್ತದೆ. ಅದರ ಲಕ್ಷಣಗಳು ಅಂಡಾಶಯದ ಕ್ಯಾನ್ಸರನ್ನೇ ಹೋಲಬಹುದು. ಆದರೆ ಕ್ಷಯ ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ. ನೀರಿನಲ್ಲಿ ಕ್ಯಾನ್ಸರ್ ಕೋಶಗಳಿವೆಯೇ, ಕ್ಷಯದ ಸುಳಿವಿದೆಯೇ, ಸೋಂಕಿದೆಯೇ ಎಂದು ಪ್ರಯೋಗಾಲಯ ಹೇಳಬೇಕು.

ಇಲ್ಲಿ ನಿಮಗೊಂದು ಸುಲಭದ ಕಳೆಯುವ ಲೆಕ್ಕವಿದೆ. ಒಂದೇ ದಿನ ರಕ್ತದಲ್ಲಿರುವ ಆಲ್ಬುಮಿನ್ನನ್ನೂ ಹೊಟ್ಟೆಯ ನೀರಿನಲ್ಲಿರುವ ಆಲ್ಬುಮಿನ್ನನ್ನೂ ಅಳೆಯುತ್ತಾರೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತಾರೆ. ವ್ಯತ್ಯಾಸ 1.1 ಗ್ರಾಂ ಅಥವಾ ಹೆಚ್ಚು ಬಂದರೆ ಒತ್ತಡದಿಂದ ತಳ್ಳಲ್ಪಟ್ಟ ನೀರು. ಅದಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಪೊರೆಯೇ ರೋಗಗ್ರಸ್ತವಾಗಿ ಸೋರಿದ ನೀರು. ಉದಾಹರಣೆಗೆ ರಕ್ತದಲ್ಲಿ 3.2, ನೀರಿನಲ್ಲಿ 2.5 ಇದ್ದರೆ ವ್ಯತ್ಯಾಸ 0.7. ಇದು ಸೋರಿಕೆಯ ಗುಂಪು. ರಕ್ತದಲ್ಲಿ 2.8, ನೀರಿನಲ್ಲಿ 0.9 ಇದ್ದರೆ 1.9. ಇದು ಒತ್ತಡದ ಗುಂಪು.

ಈ ಲೆಕ್ಕದಿಂದ ಪ್ರಯೋಜನವೇನು? ಸ್ಪೈರನೊಲ್ಯಾಕ್ಟೋನ್‌ನಂತಹ ಮೂತ್ರ ಹೆಚ್ಚಿಸುವ ಮಾತ್ರೆಗಳು, ಉಪ್ಪು ಕಡಿಮೆ ಮಾಡುವ ಪಥ್ಯ, ಇವು ಒತ್ತಡದ ಗುಂಪಿನವರಿಗೆ ಚೆನ್ನಾಗಿ ಒಗ್ಗುತ್ತವೆ. ಪೊರೆಯಿಂದ ಸೋರುವವರಿಗೆ ಅವುಗಳಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆ ನಮ್ಮ ಮನೆಯವರಿಗೆ ಏಕೆ ಹಿಡಿಯಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಊಟವೇ ಸೇರದ ರೋಗಿಗೆ ಕಾರಣವಿಲ್ಲದೆ ಸಪ್ಪೆ ಊಟ ಬಡಿಸಿದರೆ ಸೇರುತ್ತಿದ್ದ ನಾಲ್ಕು ತುತ್ತೂ ನಿಲ್ಲುತ್ತದೆ.

ನೀರು ತೆಗೆಸುವುದು

ಹೊಟ್ಟೆ ಬಿಗಿದು ಉಸಿರಾಟ ಕಷ್ಟವಾದಾಗ ತಕ್ಷಣ ನೆಮ್ಮದಿ ಕೊಡುವ ಉಪಾಯ ನೀರು ತೆಗೆಯುವುದೇ. ಇದು ಹೊಸತಲ್ಲ. ಸುಶ್ರುತ ಸಂಹಿತೆಯಲ್ಲಿ ಇದರ ವಿವರವಿದೆ. ಹೊಕ್ಕುಳಿನ ಕೆಳಗೆ, ಎಡಗಡೆ, ನಡುಗೆರೆಯಿಂದ ನಾಲ್ಕು ಬೆರಳು ಬಿಟ್ಟು, ಭತ್ತದ ಕಾಳಿನ ಮೊನೆಯಂತಿರುವ ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ನಳಿಕೆಯಿಟ್ಟು ನೀರು ಇಳಿಸಬೇಕು. ಎಲ್ಲವನ್ನೂ ಒಂದೇ ದಿನ ತೆಗೆಯಬಾರದು, ಆಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಸಂಗೀತಗಾರ ಬೇಥೋವನ್‌ಗೆ ಯಕೃತ್ತಿನ ಕಾಯಿಲೆಯಿಂದ ಜಲೋದರವಾಗಿ 1826-27ರ ಚಳಿಗಾಲದಲ್ಲಿ ನಾಲ್ಕು ಬಾರಿ ನೀರು ತೆಗೆದಿದ್ದರು. ಆಗ ಅರಿವಳಿಕೆಯೂ ಇರಲಿಲ್ಲ, ರೋಗಾಣುಗಳ ಕಲ್ಪನೆಯೂ ಇರಲಿಲ್ಲ.

ಈಗ ಅಲ್ಟ್ರಾಸೌಂಡಿನಲ್ಲಿ ಜಾಗ ಗುರುತಿಸಿ, ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ತೆಳುವಾದ ನಳಿಕೆ ಹಾಕುತ್ತಾರೆ. ನೀರು ಚೀಲಕ್ಕೆ ತಾನಾಗಿ ಇಳಿಯುತ್ತದೆ. ಐದು ಲೀಟರು ತೆಗೆದರೆ ಸುಮಾರು ಐದು ಕಿಲೋ ಭಾರ ಇಳಿದಂತೆ. ರೋಗಿ ಅಂದೇ ಕೂತು ಉಂಡು, ಮಲಗಿ ನಿದ್ದೆ ಮಾಡುವುದುಂಟು.

"ನೀರು ತೆಗೆಸಿದರೆ ಮೈಯ ಶಕ್ತಿಯೆಲ್ಲ ಹೋಗುತ್ತದೆ" ಎಂಬ ಭಯ ಹಲವು ಮನೆಗಳಲ್ಲಿದೆ. ಇದರಲ್ಲಿ ಅರ್ಧ ಸತ್ಯವಿದೆ, ಲೆಕ್ಕ ಹಾಕೋಣ. ನೀರಿನ ಪ್ರತಿ 100 ಮಿಲಿಲೀಟರಿನಲ್ಲಿ 2.5 ಗ್ರಾಂ ಆಲ್ಬುಮಿನ್ ಇದ್ದರೆ ಐದು ಲೀಟರಿನಲ್ಲಿ 125 ಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಎಂದರೆ ಇಪ್ಪತ್ತು ಮೊಟ್ಟೆಯ ಪ್ರೋಟೀನು ಹೋಯಿತು. ನಷ್ಟ ನಿಜ. ಆದರೆ ಅದು ಆಗಲೇ ರಕ್ತದಿಂದ ಹೊರಬಿದ್ದದ್ದು. ಹೊಟ್ಟೆಯಲ್ಲೇ ಬಿಟ್ಟರೆ ಅದು ಜಠರವನ್ನು ಅದುಮಿ, ಎರಡು ತುತ್ತಿಗೇ ಸಾಕೆನಿಸಿ, ಹೊಸ ಪ್ರೋಟೀನು ಒಳಗೆ ಹೋಗದಂತೆ ಮಾಡುತ್ತದೆ. ಆದ್ದರಿಂದ ತೆಗೆಸಬೇಕಾದಾಗ ತೆಗೆಸಿ, ಆಮೇಲೆ ಚೆನ್ನಾಗಿ ಉಣ್ಣಿಸುವುದು ಜಾಣತನ. ಎಷ್ಟು, ಯಾವ ವೇಗದಲ್ಲಿ ತೆಗೆಯಬೇಕು ಎಂಬುದು ವೈದ್ಯರ ತೀರ್ಮಾನ. ಬೇಗ ಬಹಳ ತೆಗೆದರೆ ಕೆಲವರಿಗೆ ರಕ್ತದೊತ್ತಡ ಕುಸಿಯಬಹುದು.

ಸೋರಿಕೆಯ ಮೂಲ ಹಾಗೇ ಇದ್ದರೆ ನೀರು ಮತ್ತೆ ತುಂಬುತ್ತದೆ. ಕೆಲವರಿಗೆ ಒಂದೆರಡು ವಾರಗಳಲ್ಲೇ. ಪದೇ ಪದೇ ಆಸ್ಪತ್ರೆಗೆ ಅಲೆಯುವುದು ತಪ್ಪಲೆಂದು ಚರ್ಮದಡಿ ಹಾಯಿಸಿ ಶಾಶ್ವತವಾಗಿ ನಳಿಕೆ ಇಡುವ ವಿಧಾನವಿದೆ. ಮನೆಯವರೇ ಕೈ ಶುಚಿಮಾಡಿಕೊಂಡು, ಕಲಿಸಿದ ಕ್ರಮದಲ್ಲಿ ಸ್ವಲ್ಪ ಸ್ವಲ್ಪ ನೀರು ಇಳಿಸಬಹುದು. 2012ರಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಇಂಥ ನಳಿಕೆಯನ್ನು ಶಿಫಾರಸು ಮಾಡಿತು. ಸೋಂಕು ತಗಲದಂತೆ ನೋಡಿಕೊಳ್ಳುವುದು ಇದರಲ್ಲಿ ಮುಖ್ಯ.

ಮೂಲಕ್ಕೇ ಮದ್ದು ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು. ಅಂಡಾಶಯದ ಕ್ಯಾನ್ಸರಿನಲ್ಲಿ ಕಿಮೊಥೆರಪಿ ಫಲಿಸಿದರೆ ಸೋರಿಕೆಯೇ ಬತ್ತುವುದುಂಟು. ವಿಇಜಿಎಫ್ ಪ್ರೋಟೀನನ್ನು ಹಿಡಿದುಹಾಕುವ ಬೆವಸಿಜುಮಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2004ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಕೆಲವು ರೋಗಿಗಳಲ್ಲಿ ಅದು ನೀರು ತುಂಬುವುದನ್ನೂ ನಿಧಾನಗೊಳಿಸುತ್ತದೆ, ಆದರೆ ಕರುಳಿಗೆ ತೂತು ಬೀಳುವಂಥ ಅಪಾಯವೂ ಇರುವುದರಿಂದ ಎಲ್ಲರಿಗೂ ಕೊಡುವಂತಿಲ್ಲ. ಆದ್ದರಿಂದ "ಹೊಟ್ಟೆಯಲ್ಲಿ ನೀರು ಬಂತು, ಇನ್ನು ಮುಗಿಯಿತು" ಎಂದು ಕೈಚೆಲ್ಲಿ ಕೂರುವ ಮೊದಲು ಕ್ಯಾನ್ಸರ್ ತಜ್ಞರನ್ನು ಕೇಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಈ ಕೆಲಸ ಮಾಡುತ್ತಿದೆ.

ಕಾಯಿಲೆ ಗುಣವಾಗುವ ಹಂತ ದಾಟಿದೆ ಎಂದಾಗಲೂ ಮಾಡುವುದು ಬಹಳ ಇರುತ್ತದೆ. ನೋವು, ಉಬ್ಬಸ, ವಾಕರಿಕೆಗಳನ್ನು ಇಳಿಸುವುದಕ್ಕೆಂದೇ ಉಪಶಮನ ಚಿಕಿತ್ಸೆ ಎಂಬ ಶಾಖೆಯಿದೆ. ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಅಲ್ಲಿಗೆ ಹೋಗುವುದೆಂದರೆ ರೋಗಿಯನ್ನು ಕೈಬಿಟ್ಟಂತೆ ಎಂದು ಯಾರೂ ಭಾವಿಸಬಾರದು.

ಮನೆಯಲ್ಲಿ ಮಾಡಬಹುದಾದ್ದು

ಚಪ್ಪಟೆಯಾಗಿ ಮಲಗಿಸಬೇಡಿ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಒರಗಿಸಿದರೆ ನೀರು ಕೆಳಗಿಳಿದು ವಪೆಗೆ ಆಡಲು ಜಾಗ ಸಿಗುತ್ತದೆ, ಉಸಿರು ಸಲೀಸಾಗುತ್ತದೆ.

ಮೂರು ಹೊತ್ತಿನ ಊಟವನ್ನು ಆರು ಸಲಕ್ಕೆ ಹಂಚಿ. ಅಂಬಲಿ, ಮೊಸರನ್ನ, ಬೇಳೆಯ ಕಟ್ಟು, ತಿನ್ನುವವರಿಗೆ ಮೊಟ್ಟೆ, ಹೀಗೆ ಸ್ವಲ್ಪದರಲ್ಲೇ ಸತ್ತ್ವವಿರುವುದನ್ನು ಕೊಡಿ.

ಸೀರೆ, ಲಂಗ, ಲುಂಗಿಯ ಕಟ್ಟು ಸಡಿಲವಿರಲಿ. ಬಿಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಮೆಲ್ಲಗೆ ಸವರಿ.

ಸಾಧ್ಯವಾದರೆ ದಿನವೂ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಮಕ್ಕಳು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು. ಗ್ರಾಫ್ ಹಾಳೆಯಲ್ಲಿ ಬಿಂದು ಹಾಕಿ ವೈದ್ಯರಿಗೆ ತೋರಿಸಿದರೆ ಅವರಿಗೆ ಅದರಿಂದ ನಿಜವಾದ ಸಹಾಯವಾಗುತ್ತದೆ.

ಜ್ವರ, ಹೊಟ್ಟೆಯಲ್ಲಿ ತೀವ್ರ ನೋವು, ಬಿಡದ ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಮಾತು ತೊದಲಿ ಗೊಂದಲವಾಗುವುದು, ನಳಿಕೆಯ ಸುತ್ತ ಕೆಂಪಾಗುವುದು, ಬರುವ ನೀರು ಕದಡಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಂದೆತಾಯಿಗಳಿಗೆ ಎರಡು ಮಾತು

ಮನೆಯಲ್ಲಿ ಇಂಥ ಕಾಯಿಲೆ ಇರುವಾಗ ಮಕ್ಕಳಿಂದ ಎಲ್ಲವನ್ನೂ ಮುಚ್ಚಿಡುವುದು ನಮ್ಮಲ್ಲಿ ರೂಢಿ. ಆದರೆ ಮಕ್ಕಳು ಪಿಸುಮಾತಿನಿಂದ ತುಂಡುತುಂಡಾಗಿ ತಿಳಿದು, ಉಳಿದದ್ದನ್ನು ತಾವೇ ಊಹಿಸಿ ಹೆದರುತ್ತಾರೆ. ಕ್ಯಾನ್ಸರ್ ಅಂಟುರೋಗವಲ್ಲ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ, ಹೊಟ್ಟೆಯಿಂದ ಇಳಿಸಿದ ನೀರಿನಿಂದಲೂ ಬರುವುದಿಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ. ಅವರ ವಯಸ್ಸಿಗೆ ತಕ್ಕ ಒಂದು ಕೆಲಸವನ್ನೂ ಕೊಡಿ. ದಿಂಬು ಸರಿಪಡಿಸುವುದು, ತೂಕ ಬರೆಯುವುದು, ಪತ್ರಿಕೆ ಓದಿ ಹೇಳುವುದು ಯಾವುದಾದರೂ ಆದೀತು.

ಎರಡನೆಯ ಮಾತು ತಾಯಂದಿರಿಗೆ. ಅಂಡಾಶಯದ ಕ್ಯಾನ್ಸರ್ ಮೊದಮೊದಲು ಸದ್ದು ಮಾಡುವುದಿಲ್ಲ. ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ, ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರಗಳಾದರೂ ಬಿಡದಿದ್ದರೆ ವಾಯು ಎಂದು ಓಮಿನ ಕಷಾಯ ಕುಡಿದು ಸುಮ್ಮನಿರಬೇಡಿ. ಹೆಚ್ಚಿನ ಸಲ ಅದು ಬೇರೆ ಸಣ್ಣ ತೊಂದರೆಯೇ ಆಗಿರುತ್ತದೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಅಲ್ಟ್ರಾಸೌಂಡ್ ಮಾಡಿಸಿ. ಮನೆಯವರೆಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ತಾಯಿ ಈಚೆಗೆ ಅದನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರೆ, ಅದನ್ನು ಗಮನಿಸಬೇಕಾದವರು ಎದುರಿಗೆ ಕುಳಿತು ಉಣ್ಣುವ ನಾವು.